ಲಂಡನ್ನಿನಲ್ಲಿ ಕರ್ರಿ ಬಡಿಸಿದ ದೀನ್ ಮಹಮ್ಮದ್

ಇಂಗ್ಲಿಷರು ನಮ್ಮ ದೇಶದಿಂದ ಏನೇನನ್ನು ಹಡಗಿನಲ್ಲಿ ತುಂಬಿಕೊಂಡು ಹೋದರು ಎಂಬ ಪ್ರಶ್ನೆಗೆ ಉತ್ತರ ಬರೆಯದ ಇತಿಹಾಸದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಒಬ್ಬನೂ ಇರಲಾರ. ಮೆಣಸು, ಹತ್ತಿಬಟ್ಟೆ, ರೇಷ್ಮೆ, ನೀಲಿ, ಪೆಟ್ಲುಪ್ಪು ಎಂದು ಸಾಲಾಗಿ ಬರೆದು ಅಂಕ ಪಡೆಯುತ್ತೇವೆ. ಆದರೆ ಈ ಪಟ್ಟಿಯಲ್ಲಿ ಸೇರದ ಇನ್ನೊಂದು ವಸ್ತುವೂ ಅವರೊಡನೆ ಹೋಯಿತು. ಅದಕ್ಕೆ ಸುಂಕವಿರಲಿಲ್ಲ; ಕಂಪೆನಿಯ ಲೆಕ್ಕದ ಪುಸ್ತಕದಲ್ಲಿ ಅದರ ತೂಕವೂ ಇಲ್ಲ. ಅದು ನಮ್ಮ ಅಡಿಗೆಯ ರುಚಿ.

ನಮಗೆ ಜ್ವರ ಬಿಟ್ಟ ಮರುದಿನ ಬಿಸಿ ಅನ್ನ, ಮೆಣಸಿನ ಸಾರು ಬೇಕೆನಿಸುತ್ತದೆ. ಪರಸ್ಥಳದಲ್ಲಿ ಓದುವವನಿಗೆ ಮನೆಯ ಊಟ ನೆನಪಾಗುವುದೂ ಹೀಗೆಯೇ. ಹೊಟ್ಟೆ ತುಂಬಿಸುವುದರ ಜೊತೆಗೆ ಮನಸ್ಸಿಗೂ ಸಮಾಧಾನ ಕೊಡುವ ಊಟ ಪ್ರತಿಯೊಂದು ಜನಾಂಗಕ್ಕೂ ಉಂಟು. ಇಂಗ್ಲಿಷರಿಗೆ ಹಿಂದಿನಿಂದಲೂ ಹುರಿದ ಮಾಂಸ, ಕಡುಬಿನಂಥ ಪುಡ್ಡಿಂಗು, ಕರಿದ ಮೀನು ಮತ್ತು ಆಲೂಗಡ್ಡೆ ಇಂಥ ಊಟಗಳು. ಈ ಸಾಲಿಗೆ ಇಂದು ಕರ್ರಿಯೂ ಸೇರಿದೆ. ವಾರದ ದುಡಿಮೆ ಮುಗಿದ ಶುಕ್ರವಾರ ರಾತ್ರಿ ಗೆಳೆಯರೊಡನೆ ಕರ್ರಿಯ ಊಟಕ್ಕೆ ಹೋಗುವುದು ಅಲ್ಲಿ ಒಂದು ಸಂಪ್ರದಾಯವೇ ಆಗಿದೆ. ೨೦೦೧ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿಯಾಗಿದ್ದ ರಾಬಿನ್ ಕುಕ್ ಅವರು, ಚಿಕನ್ ಟಿಕ್ಕಾ ಮಸಾಲೆಯೇ ತಮ್ಮ ದೇಶದ ನಿಜವಾದ ರಾಷ್ಟ್ರೀಯ ತಿನಿಸೆಂಬ ಅರ್ಥದಲ್ಲಿ ಭಾಷಣ ಮಾಡಿದರು. ಅದನ್ನು ಕೇಳಿ ನಕ್ಕವರುಂಟು. ಆದರೆ ಸುಳ್ಳೆಂದು ಸಾಧಿಸಲು ಹೊರಟವರು ಹೆಚ್ಚಿಲ್ಲ.

ಈ ರುಚಿಗಾಗಿಯೇ ಲಂಡನ್ನಿನಲ್ಲಿ ಮೊಟ್ಟಮೊದಲು ಒಂದು ಭೋಜನಗೃಹವನ್ನು ತೆರೆದ ಭಾರತೀಯನೊಬ್ಬನಿದ್ದ. ಅವನ ಹೆಸರು ಶೇಕ್ ದೀನ್ ಮಹಮ್ಮದ್. ತೆರೆದ ಎರಡು ವರ್ಷಗಳೊಳಗೆ ಅವನು ದಿವಾಳಿಯಾದ. ಅವನ ಜೀವನವನ್ನು ಓದುವಾಗ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇದೇ ಸಂಗತಿ. ರುಚಿ ಗೆದ್ದಿತು, ಅದನ್ನು ಬಡಿಸಿದವನು ಸೋತ. ಸೋತವನು ಆಮೇಲೆ ಏನು ಮಾಡಿದನೆಂಬುದು ಅದಕ್ಕಿಂತಲೂ ಸ್ವಾರಸ್ಯವಾದ ಕಥೆ.

ಮೊದಲು ಕರ್ರಿ ಎಂಬ ಮಾತಿನ ವಿಚಾರವನ್ನು ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಇದು ದ್ರಾವಿಡ ಮೂಲದ ಶಬ್ದ. ತಮಿಳಿನ ‘ಕರಿ’ಯಿಂದ ಬಂದದ್ದೆಂಬುದು ಸಾಮಾನ್ಯವಾದ ಅಭಿಪ್ರಾಯ. ಪೋರ್ಚುಗೀಸರು ಅದನ್ನು ‘ಕರಿಲ್’ ಎಂದರು. ಈ ‘ಕರಿಲ್’ ರೂಪ ಕನ್ನಡದಿಂದ ಅವರಿಗೆ ದೊರೆತದ್ದೆಂದು ೧೮೮೬ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ನಿಘಂಟು ತಿಳಿಸುತ್ತದೆ. ನಾವು ಸಾರು, ಹುಳಿ, ಗೊಜ್ಜು, ಪಲ್ಯ, ಸಾಗು ಎಂದು ಬೇರೆಬೇರೆಯಾಗಿ ಕರೆಯುವುದನ್ನೆಲ್ಲ ಇಂಗ್ಲಿಷರು ಒಂದೇ ಹೆಸರಿನ ಪಾತ್ರೆಗೆ ಸುರಿದುಕೊಂಡರು. ನಮ್ಮ ಮೆಣಸಿನ ಸಾರು, ಅಂದರೆ ತಮಿಳರ ‘ಮಿಳಗು ತಣ್ಣೀರ್’, ಅವರ ಬಾಯಲ್ಲಿ ‘ಮಲಿಗಟಾನಿ’ ಎಂಬ ಸೂಪಾಯಿತು. ಖಿಚಡಿಗೆ ಮೀನೂ ಮೊಟ್ಟೆಯೂ ಬಿದ್ದು ‘ಕೆಜರಿ’ ಎಂಬ ಬೆಳಗಿನ ತಿಂಡಿಯಾಯಿತು.

ದೀನ್ ಮಹಮ್ಮದ್ ಹುಟ್ಟಿದ್ದು ೧೭೫೯ರಲ್ಲಿ, ಪಾಟ್ನಾ ನಗರದಲ್ಲಿ. ಪ್ಲಾಸಿ ಕದನ ಮುಗಿದು ಎರಡೇ ವರ್ಷವಾಗಿತ್ತು. ನವಾಬರ ಆಳ್ವಿಕೆ ಕುಸಿದು ಕಂಪೆನಿಯ ಆಳ್ವಿಕೆ ತಲೆಯೆತ್ತುತ್ತಿದ್ದ ಕಾಲ ಅದು. ತಮ್ಮದು ಮುರ್ಷಿದಾಬಾದಿನ ನವಾಬರಿಗೆ ಸಂಬಂಧಪಟ್ಟ ಮನೆತನವೆಂದು ಅವನು ಹೇಳಿಕೊಂಡಿದ್ದಾನೆ. ಹಳೆಯ ದೊರೆಗಳ ಕೈಯಲ್ಲಿ ಸಂಬಳ ಕೊಡುವ ಶಕ್ತಿ ಉಳಿಯಲಿಲ್ಲವಾಗಿ ಇಂಥ ಮನೆತನಗಳ ಗಂಡಸರು ಹೊಸ ದೊರೆಗಳ ಸೈನ್ಯಕ್ಕೆ ಸೇರಿದರು. ದೀನನ ತಂದೆಯೂ ಕಂಪೆನಿಯ ಬಂಗಾಳ ಸೈನ್ಯದಲ್ಲಿ ಸುಬೇದಾರನಾಗಿದ್ದ. ೧೭೬೯ರಲ್ಲಿ ಕಂದಾಯ ವಸೂಲಿಗೆಂದು ನಡೆದ ಒಂದು ಕಾಳಗದಲ್ಲಿ ಅವನು ಮಡಿದ. ತಂದೆಯ ಹುದ್ದೆ ಅಣ್ಣನಿಗೆ ಹೋಯಿತು. ಹತ್ತು ವರ್ಷದ ದೀನ್ ತಾಯಿಯೊಡನೆ ಮನೆಯಲ್ಲಿ ಉಳಿದ.

ಆ ಹುಡುಗನ ಕಣ್ಣು ಮಾತ್ರ ಕೆಂಪಂಗಿಯ ಸಿಪಾಯಿಗಳ ಮೇಲೆಯೇ ಇತ್ತು. ಐರ್ಲೆಂಡಿನಿಂದ ಬಂದಿದ್ದ ಗಾಡ್‌ಫ್ರೀ ಬೇಕರ್ ಎಂಬ ತರುಣ ಅಧಿಕಾರಿ ಅವನನ್ನು ತನ್ನ ಪರಿವಾರಕ್ಕೆ ಸೇರಿಸಿಕೊಂಡ. ಮಗನನ್ನು ಹಿಂದಕ್ಕೆ ಕರೆದೊಯ್ಯಲು ತಾಯಿ ಬೀಡಿಗೇ ಬಂದಳು. ಮಗ ಹೋಗಲಿಲ್ಲ. ತಾಯಿಯ ದುಃಖವನ್ನು ಅವನು ಮುಂದೆ ತನ್ನ ಪುಸ್ತಕದಲ್ಲಿ ಸ್ಮರಿಸಿದ್ದಾನಾದರೂ ಅಂದು ಅವನ ಕಾಲು ಮನೆಯ ಕಡೆಗೆ ತಿರುಗಲಿಲ್ಲ. ಬೇಕರನ ಹಿಂದೆ ಹದಿನೈದು ವರ್ಷ ಉತ್ತರ ಭಾರತವನ್ನೆಲ್ಲ ಸುತ್ತಿದ. ಸೈನ್ಯದ ಸಂತೆಯ ಮೇಲ್ವಿಚಾರಣೆ ನೋಡಿದ, ಜಮಾದಾರನಾದ, ಕೊನೆಗೆ ಸುಬೇದಾರನಾದ. ೧೭೮೧ರಲ್ಲಿ ಕಾಶಿಯ ರಾಜ ಚೇತ್‌ಸಿಂಗನ ಮೇಲೆ ವಾರೆನ್ ಹೇಸ್ಟಿಂಗ್ಸನ ಸೈನ್ಯ ನಡೆದಾಗ ಅವನೂ ಅದರಲ್ಲಿದ್ದ. ತನ್ನವರನ್ನೇ ಅಡಗಿಸಲು ಹೊರಟ ಸೈನ್ಯದಲ್ಲಿ ಅವನು ದುಡಿದನೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆ ಕಾಲದಲ್ಲಿ ಸಾವಿರಾರು ಮಂದಿ ಹೀಗೆಯೇ ದುಡಿದರು. ದೇಶವೆಂಬ ಇಂದಿನ ಭಾವನೆ ಆಗ ಯಾರಿಗೂ ಇಷ್ಟು ಸ್ಪಷ್ಟವಾಗಿರಲಿಲ್ಲ.

೧೭೮೨ರಲ್ಲಿ ಬೇಕರನ ಮೇಲೆ ಹಳ್ಳಿಗರನ್ನು ಸುಲಿದನೆಂಬ ಆಪಾದನೆ ಬಂದು ಅವನು ರಾಜೀನಾಮೆ ಕೊಟ್ಟ. ದೀನ್ ಮಹಮ್ಮದನೂ ತನ್ನ ಹುದ್ದೆ ಬಿಟ್ಟ. ಸಮುದ್ರ ದಾಟಿ ಇಬ್ಬರೂ ೧೭೮೪ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣ ಸೇರಿದರು. ಆಗ ಅವನಿಗೆ ಇಪ್ಪತ್ತೈದು ವರ್ಷ. ಮತ್ತೆ ಅವನು ಪಾಟ್ನಾವನ್ನು ಕಾಣಲಿಲ್ಲ.

ಕಾರ್ಕಿನಲ್ಲಿ ಬೇಕರನು ಅವನನ್ನು ಇಂಗ್ಲಿಷ್ ಕಲಿಯಲು ಶಾಲೆಗೆ ಹಾಕಿದ. ಆ ದಿನಗಳಲ್ಲಿಯೇ ಜೇನ್ ಡೇಲಿ ಎಂಬ ಐರಿಷ್ ಕನ್ಯೆಯ ಪರಿಚಯವಾಗಿ, ಇಬ್ಬರೂ ಓಡಿಹೋಗಿ ೧೭೮೬ರಲ್ಲಿ ಮದುವೆಯಾದರು. ಅವನು ಕ್ರೈಸ್ತಮತವನ್ನು ಸ್ವೀಕರಿಸಿದ. ಅದೇ ವರ್ಷ ಬೇಕರ್ ತೀರಿಕೊಂಡ. ಪರದೇಶದಲ್ಲಿ ಆಸರೆಯಾಗಿದ್ದವನು ಹೋದರೂ ಸಂಸಾರ ನಿಂತಿತು. ಲಖ್ನೋವಿನ ಮಿರ್ಜಾ ಅಬು ತಾಲಿಬ್ ಖಾನ್ ಯುರೋಪಿನ ಪ್ರವಾಸದ ಹಾದಿಯಲ್ಲಿ ೧೭೯೯ರಲ್ಲಿ ಕಾರ್ಕಿಗೆ ಬಂದಾಗ ದೀನ್ ಮಹಮ್ಮದನನ್ನು ಕಂಡ. ಅವನ ಮನೆ, ಹೆಂಡತಿ, ಮಕ್ಕಳ ವಿಚಾರವನ್ನು ತನ್ನ ಪಾರಸಿ ಪ್ರವಾಸಕಥನದಲ್ಲಿ ಬರೆದಿಟ್ಟ.

ಆ ವೇಳೆಗೆ ದೀನ್ ಮಹಮ್ಮದನು ಗ್ರಂಥಕರ್ತನೂ ಆಗಿದ್ದ. ೧೭೯೪ರಲ್ಲಿ ಅವನ ಪ್ರವಾಸದ ಪುಸ್ತಕ ಎರಡು ಸಂಪುಟಗಳಲ್ಲಿ ಕಾರ್ಕಿನಲ್ಲಿ ಅಚ್ಚಾಯಿತು. ಭಾರತೀಯನೊಬ್ಬನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಇದೇ. ಮಿತ್ರನಿಗೆ ಬರೆದ ಕಾಗದಗಳ ರೂಪದಲ್ಲಿ ಅವನು ತಾನು ಕಂಡ ನಗರಗಳನ್ನೂ, ಯುದ್ಧಗಳನ್ನೂ, ಹಬ್ಬ ಮದುವೆಗಳನ್ನೂ ವರ್ಣಿಸಿದ್ದಾನೆ. ಕೆಲವು ಭಾಗಗಳನ್ನು ಬೇರೆ ಪ್ರವಾಸಿಗಳ ಪುಸ್ತಕಗಳಿಂದ ಎತ್ತಿಕೊಂಡಿದ್ದಾನೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆ ಕಾಲದ ಪ್ರವಾಸಗ್ರಂಥಗಳಲ್ಲಿ ಅದು ಅಪರೂಪವೇನಲ್ಲ. ಮುನ್ನೂರಕ್ಕೂ ಹೆಚ್ಚು ಮಂದಿ ಮುಂಗಡವಾಗಿ ಹಣ ಕೊಟ್ಟು ಚಂದಾದಾರರಾಗಿದ್ದರು. ಪರಭಾಷೆಯಲ್ಲಿ ನಾಲ್ಕು ಪುಟ ಬರೆಯಲು ನಾವು ಪಡುವ ಪಾಡನ್ನು ನೆನೆದರೆ ಅವನ ಸಾಹಸ ಎಷ್ಟು ದೊಡ್ಡದೆಂದು ನಮಗೆ ತಿಳಿದೀತು.

ಸುಮಾರು ೧೮೦೭ರಲ್ಲಿ ಅವನು ಸಂಸಾರಸಮೇತನಾಗಿ ಲಂಡನ್ನಿಗೆ ಬಂದ. ಅಲ್ಲಿನ ಪೋರ್ಟ್‌ಮನ್ ಚೌಕದ ಸುತ್ತಮುತ್ತ, ಭಾರತದಲ್ಲಿ ಹಣ ಗಳಿಸಿ ಹಿಂದಿರುಗಿದ ಕಂಪೆನಿಯ ಅಧಿಕಾರಿಗಳೂ ವರ್ತಕರೂ ಮನೆ ಮಾಡಿಕೊಂಡಿದ್ದರು. ಊರಿನ ಜನ ಇವರನ್ನು ಹಾಸ್ಯಕ್ಕೆ ‘ನಬಾಬ’ರೆಂದು ಕರೆಯುತ್ತಿದ್ದರು. ಅಂಥವರಲ್ಲಿ ಒಬ್ಬನಾದ ಬೇಸಿಲ್ ಕಾಕ್ರೇನ್ ಎಂಬವನು ತನ್ನ ಮನೆಯಲ್ಲಿ ಹಬೆಯ ಸ್ನಾನದ ಏರ್ಪಾಡು ಮಾಡಿದ್ದ. ದೀನ್ ಮಹಮ್ಮದ್ ಅಲ್ಲಿ ಕೆಲಸಕ್ಕೆ ಸೇರಿದ. ಹಬೆಯ ಜೊತೆಗೆ ನಮ್ಮ ದೇಶದ ಅಂಗಮರ್ದನ, ಹಿಂದಿಯಲ್ಲಿ ‘ಚಂಪಿ’ ಎನ್ನುವುದನ್ನು ಅವನು ಅಲ್ಲಿ ಬಳಕೆಗೆ ತಂದ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಅವನನ್ನು ಬದುಕಿಸಿದ್ದು ಇದೇ ವಿದ್ಯೆ.

೧೮೧೦ರಲ್ಲಿ, ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಪೋರ್ಟ್‌ಮನ್ ಚೌಕದ ಹತ್ತಿರ ಜಾರ್ಜ್ ಬೀದಿಯ ೩೪ನೆಯ ನಂಬರಿನ ಮನೆಯಲ್ಲಿ ಅವನು ‘ಹಿಂದೂಸ್ತಾನ್ ಕಾಫಿ ಹೌಸ್’ ತೆರೆದ. ಹೆಸರು ಕಾಫಿಯದಾದರೂ ಮುಖ್ಯವಾಗಿ ಅದು ಊಟದ ಮನೆ. ಕರ್ರಿ ಅದಕ್ಕೆ ಮೊದಲೇ ಲಂಡನ್ನಿಗೆ ಹೊಸದಾಗಿರಲಿಲ್ಲ. ಹ್ಯಾನಾ ಗ್ಲಾಸ್ ಎಂಬಾಕೆ ೧೭೪೭ರ ತನ್ನ ಪಾಕಪುಸ್ತಕದಲ್ಲಿಯೇ ಕರ್ರಿ ಮಾಡುವ ಕ್ರಮವನ್ನು ಬರೆದಿದ್ದಳು. ೧೭೭೩ರಲ್ಲಿ ಹೇಮಾರ್ಕೆಟ್ಟಿನ ಒಂದು ಕಾಫಿ ಮನೆಯಲ್ಲಿ ಅದು ಸಿಗುತ್ತಿತ್ತು. ಕರ್ರಿಯ ಪುಡಿಯೂ ಅಂಗಡಿಗೆ ಬಂದಿತ್ತು. ಆದರೆ ಇವೆಲ್ಲ ಇಂಗ್ಲಿಷರು ಇಂಗ್ಲಿಷರಿಗೆ ಮಾಡಿ ಬಡಿಸಿದ ಕರ್ರಿ. ಭಾರತೀಯನೊಬ್ಬನು ತಾನೇ ಯಜಮಾನನಾಗಿ ಭಾರತದ ಊಟಕ್ಕೆಂದೇ ನಡೆಸಿದ ಭೋಜನಗೃಹ ಇದೇ ಮೊದಲು.

ಅವನ ಏರ್ಪಾಡುಗಳನ್ನು ಓದಿದರೆ ಬೆರಗಾಗುತ್ತದೆ. ಬಿದಿರು ಬೆತ್ತದ ಆಸನಗಳು. ಗೋಡೆಯ ಮೇಲೆ ಭಾರತದ ದೃಶ್ಯಗಳ ಚಿತ್ರಗಳು. ಊಟವಾದ ಮೇಲೆ ಹುಕ್ಕಾ ಸೇದಲು ಬೇರೆಯೇ ಕೋಣೆ. ಮುಂಚಿತವಾಗಿ ತಿಳಿಸಿದರೆ ಊಟವನ್ನು ಮನೆಗೇ ಕಳುಹಿಸುತ್ತಿದ್ದ. ಅವನ ತಿನಿಸುಗಳ ಪಟ್ಟಿಯ ಕೈಬರಹದ ಪ್ರತಿಯೊಂದು ೨೦೧೮ರಲ್ಲಿ ಮಾರಾಟಕ್ಕೆ ಬಂದು ಎಲ್ಲರ ಗಮನ ಸೆಳೆಯಿತು. ಅದರಲ್ಲಿ ಕೋಳಿಯ ಕರ್ರಿ, ದೊಡ್ಡ ಸೀಗಡಿಯಂಥ ಲಾಬ್‌ಸ್ಟರಿನ ಕರ್ರಿ, ಕುರಿಮರಿಯ ಕೋರ್ಮ ಮೊದಲಾದವುಗಳಿವೆ. ಅನಾನಸ್ ಹಣ್ಣಿನ ಪಲಾವಿಗೆ ಒಂದು ಪೌಂಡು ಹದಿನಾರು ಷಿಲಿಂಗು. ಆಗಿನ ಕೂಲಿಗಾರನೊಬ್ಬನಿಗೆ ಇದು ವಾರದ ಕೂಲಿಗೂ ಮೀರಿದ ಮೊತ್ತ. ಇದರಿಂದಲೇ ಅವನು ಯಾರನ್ನು ನಂಬಿ ಅಂಗಡಿಯಿಟ್ಟನೆಂಬುದು ತಿಳಿಯುತ್ತದೆ. ಭಾರತದಿಂದ ಹಿಂದಿರುಗಿದ ಆ ಸಿರಿವಂತರು, ಕಲ್ಕತ್ತೆಯ ದಿನಗಳನ್ನು ನೆನೆಯುತ್ತ ಹುಕ್ಕಾ ಸೇದಲು ಬಂದೇ ಬರುವರೆಂದು ಅವನು ಲೆಕ್ಕಹಾಕಿದ್ದ.

ಲೆಕ್ಕ ತಪ್ಪಿತು. ೧೮೧೨ರಲ್ಲಿ ಅವನು ದಿವಾಳಿಯ ಅರ್ಜಿ ಹಾಕಬೇಕಾಯಿತು. ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ನಬಾಬರಲ್ಲಿ ಅನೇಕರು ಭಾರತದಿಂದಲೇ ಅಡಿಗೆಯವರನ್ನು ಕರೆತಂದಿದ್ದರು. ಮನೆಯಲ್ಲಿ ಕುಳಿತಲ್ಲಿಗೆ ಕರ್ರಿ ಬರುತ್ತಿರುವಾಗ ಬೀದಿ ದಾಟಿ ಹಣ ತೆರುವ ಅಗತ್ಯವೇನು? ಸಿರಿವಂತರು ಹೊರಗೆ ಹೋಗಿ ಊಟಮಾಡುವ ಪದ್ಧತಿಯೂ ಲಂಡನ್ನಿನಲ್ಲಿ ಇನ್ನೂ ಬೇರೂರಿರಲಿಲ್ಲ. ಹಣವಂತರ ಕೇರಿಯ ಬಾಡಿಗೆ, ಅಲಂಕಾರದ ಖರ್ಚು ಇವು ಕೈಕಚ್ಚಿದವು. ಕರ್ರಿಯನ್ನು ಬಲ್ಲವರಿಗೆ ಅವನ ಅಂಗಡಿ ಬೇಕಿರಲಿಲ್ಲ. ಅರಿಯದ ಸಾಮಾನ್ಯ ಜನರಿಗೆ ಆ ಬೆಲೆ ಎಟುಕುತ್ತಿರಲಿಲ್ಲ. ಅಂಗಡಿ ಮಾತ್ರ ಬೇರೆಯವರ ಕೈಗೆ ಹೋಗಿ, ಅದೇ ಹೆಸರಿನಲ್ಲಿ ೧೮೩೩ರವರೆಗೆ ನಡೆಯಿತು. ತಾನು ಹಾಕಿದ ಒಲೆಯ ಮೇಲೆ ಇನ್ನೊಬ್ಬರು ಅಡಿಗೆ ಮಾಡುವುದನ್ನು ಅವನು ನೋಡಬೇಕಾಯಿತು.

ಐವತ್ತು ದಾಟಿದ ವಯಸ್ಸು, ಹೆಂಡತಿ ಮಕ್ಕಳ ಭಾರ, ಕೈಯಲ್ಲಿ ಕಾಸಿಲ್ಲ, ಹುಟ್ಟಿದೂರು ಏಳು ಸಮುದ್ರಗಳಾಚೆ. ಒಂದು ಕಾಲದಲ್ಲಿ ಸುಬೇದಾರನಾಗಿದ್ದವನು, ಎರಡು ಸಂಪುಟದ ಗ್ರಂಥ ಬರೆದವನು, ೧೮೧೩ರಲ್ಲಿ ಮನೆವಾರ್ತೆ ನೋಡಿಕೊಳ್ಳುವ ಆಳಿನ ಕೆಲಸ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಅವನ ಜೀವನದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದ ಭಾಗ ಇದು. ಕೆಲಸ ಯಾವುದಾದರೇನು, ಸಂಸಾರ ಉಪವಾಸ ಬೀಳಬಾರದೆಂಬ ಒಂದೇ ಹಟ ಇಲ್ಲಿ ಕಾಣುತ್ತದೆ.

೧೮೧೪ರಲ್ಲಿ ಅವನು ಬ್ರೈಟನ್ನಿಗೆ ಹೋದ. ಅದು ಸಮುದ್ರತೀರದ ಊರು. ರಾಜಕುಮಾರ ಜಾರ್ಜ್ ಅಲ್ಲಿ ಅರಮನೆ ಕಟ್ಟಿಕೊಂಡಿದ್ದರಿಂದ ಸಿರಿವಂತರೆಲ್ಲ ಆರೋಗ್ಯದ ನೆಪದಲ್ಲಿ ಅಲ್ಲಿಗೆ ನುಗ್ಗುತ್ತಿದ್ದರು. ಮರುವರ್ಷದಿಂದ ಆ ಅರಮನೆಗೇ ನಮ್ಮ ದೇಶದ ಗುಮ್ಮಟ ಮಿನಾರುಗಳ ರೂಪ ಬರತೊಡಗಿತು. ಅಲ್ಲಿ ದೀನ್ ಮಹಮ್ಮದ್ ಮೂಲಿಕೆಗಳ ಹಬೆಯ ಸ್ನಾನ ಮತ್ತು ಚಂಪಿಯ ಕಸುಬನ್ನು ಆರಂಭಿಸಿದ. ಗಂಡಸರಿಗೆ ತಾನು, ಹೆಂಗಸರಿಗೆ ಹೆಂಡತಿ ಜೇನ್. ಮೊದಮೊದಲು ಜನ ನಕ್ಕರು. ಆಮೇಲೆ ಕೀಲುನೋವಿನವರು, ವಾತದವರು ಬಂದು ಹಾಯೆನಿಸಿಕೊಂಡು ಹೋದರು. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಅವನು ಸ್ನಾನಗೃಹದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ. ೧೮೨೧ರ ಹೊತ್ತಿಗೆ ಕಡಲಿಗೆದುರಾಗಿ ಭವ್ಯವಾದ ಸ್ನಾನಗೃಹ ಎದ್ದಿತು. ೧೮೨೨ರಲ್ಲಿ ಈ ಚಿಕಿತ್ಸೆಯನ್ನು ಕುರಿತ ಅವನ ಪುಸ್ತಕ ಹೊರಬಂತು. ದೊರೆ ನಾಲ್ಕನೆಯ ಜಾರ್ಜನೂ, ಅವನ ತರುವಾಯ ನಾಲ್ಕನೆಯ ವಿಲಿಯಮ್ಮನೂ ಅವನನ್ನು ತಮ್ಮ ಅಂಗಮರ್ದನ ವೈದ್ಯನನ್ನಾಗಿ ನೇಮಿಸಿಕೊಂಡರು. ಇಂದು ತಲೆ ತೊಳೆಯಲು ನಾವು ಬಳಸುವ ‘ಷಾಂಪೂ’ ಎಂಬ ಮಾತು ಈ ಚಂಪಿಯದೇ ರೂಪ. ಅವನಿಗೆ ಮೊದಲೇ ಅದು ಇಂಗ್ಲಿಷಿಗೆ ಬಂದಿತ್ತಾದರೂ ಮನೆಮಾತಾಗುವುದರಲ್ಲಿ ಅವನ ಪಾಲು ದೊಡ್ಡದು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ವೈದ್ಯನೆನಿಸಿಕೊಳ್ಳಲು ಓದಿದ ಅನುಭವ ಬೇಕಲ್ಲವೆ? ಅದಕ್ಕಾಗಿ ಅವನು ತನ್ನ ಹುಟ್ಟಿದ ವರ್ಷವನ್ನು ೧೭೪೯ ಎಂದು ಹತ್ತು ವರ್ಷ ಹಿಂದಕ್ಕೆ ತಳ್ಳಿ, ಆ ಹತ್ತು ವರ್ಷಗಳೊಳಗೆ ವೈದ್ಯವಿದ್ಯೆಯ ಶಿಕ್ಷಣವನ್ನು ತುಂಬಿಸಿಬಿಟ್ಟ. ಇದು ಸುಳ್ಳು. ಚರಿತ್ರಕಾರರು ಅವನದೇ ಮೊದಲ ಪುಸ್ತಕದಿಂದ ಈ ಸುಳ್ಳನ್ನು ಹಿಡಿದಿದ್ದಾರೆ. ಅವನನ್ನು ದೇವರಾಗಿ ಮಾಡುವ ಅಗತ್ಯ ನಮಗಿಲ್ಲ. ಆದರೆ ಪರದೇಶಿಯೊಬ್ಬನು ಕೇವಲ ತನ್ನ ಕೈಚಳಕವನ್ನು ತೋರಿಸಿದರೆ ನಂಬದ ಸಮಾಜ, ಹುಸಿಯಾದ ಬಿರುದಿನ ಸಂಗಡ ಬಂದಾಗ ನಂಬಿತು ಎಂಬುದನ್ನೂ ಗಮನಿಸಬೇಕು. ತಪ್ಪಿನಲ್ಲಿ ಅವನದು ಹೆಚ್ಚು ಪಾಲು. ಆ ಸಮಾಜದ್ದೂ ಸ್ವಲ್ಪ ಇದೆಯೆಂದು ನನಗೆ ತೋರುತ್ತದೆ.

ಕೊನೆಗಾಲದಲ್ಲಿ ಆ ವೈಭವವೂ ಉಳಿಯಲಿಲ್ಲ. ಸ್ನಾನಗೃಹದ ಕಟ್ಟಡ ಅವನ ಹೆಸರಿನಲ್ಲಿ ನಡೆದರೂ ಬಂಡವಾಳ ಬೇರೆಯವರದಾಗಿತ್ತು. ಪಾಲುದಾರ ೧೮೪೧ರಲ್ಲಿ ತೀರಿಕೊಂಡಾಗ ಅದು ಹರಾಜಿಗೆ ಬಂತು; ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಚಿಕ್ಕ ಮನೆಯೊಂದರಲ್ಲಿ ಕಸುಬನ್ನು ಮುಂದುವರಿಸಿದ. ೧೮೫೦ರ ಡಿಸೆಂಬರಿನಲ್ಲಿ ಜೇನ್ ತೀರಿಕೊಂಡಳು. ಎರಡು ತಿಂಗಳ ಮೇಲೆ, ೧೮೫೧ರ ಫೆಬ್ರವರಿ ೨೪ರಂದು, ಅವನೂ ಕಣ್ಣು ಮುಚ್ಚಿದ. ಬ್ರೈಟನ್ನಿನ ಸಂತ ನಿಕೋಲಸ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯಿದೆ. ಕಲ್ಲಿನ ಮೇಲೆ ಅವನ ವಯಸ್ಸು ನೂರಾ ಒಂದು ಎಂದಿದೆ. ಅವನೇ ಸೇರಿಸಿಕೊಂಡ ಆ ಹತ್ತು ವರ್ಷ ಸಮಾಧಿಯವರೆಗೂ ಜೊತೆಗೆ ಹೋಯಿತು. ವಿಧಿಯ ವಿಚಿತ್ರವೆಂದರೆ, ಅವನು ಬಯಸಿ ಪಡೆಯಲಾರದ ವೈದ್ಯಪದವಿ ಮೊಮ್ಮಗನಿಗೆ ನಿಜವಾಗಿ ದೊರೆಯಿತು. ಫ್ರೆಡರಿಕ್ ಅಕ್ಬರ್ ಮಹಮ್ಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯನಾಗಿ, ರಕ್ತದ ಒತ್ತಡದ ರೋಗವನ್ನು ಕುರಿತು ಬೆಲೆಯುಳ್ಳ ಸಂಶೋಧನೆ ಮಾಡಿ, ೧೮೮೪ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ.

ಇನ್ನು ಕರ್ರಿಯ ಕಥೆ. ದೀನ್ ಮಹಮ್ಮದ್ ಕೈಬಿಟ್ಟ ಕೆಲಸವನ್ನು ಕಾಲ ಕೈಬಿಡಲಿಲ್ಲ. ೧೮೮೭ರಲ್ಲಿ ಭಾರತದಿಂದ ಹೋದ ಪರಿಚಾರಕರ ಕೈಯಡಿಗೆಯ ಕರ್ರಿಯನ್ನು ವಿಕ್ಟೋರಿಯಾ ರಾಣಿಯೂ ಮೆಚ್ಚಿಕೊಂಡಳು. ೧೯೨೬ರಲ್ಲಿ ರೀಜೆಂಟ್ ಬೀದಿಯಲ್ಲಿ ‘ವೀರಸ್ವಾಮಿ’ ಎಂಬ ಭೋಜನಗೃಹ ಆರಂಭವಾಯಿತು. ಆದರೆ ಜನಸಾಮಾನ್ಯರಿಗೆ ಕರ್ರಿಯನ್ನು ಮುಟ್ಟಿಸಿದವರು ಸಿಲ್ಹೆಟ್ ಸೀಮೆಯ ಬಡ ಹಡಗುಗೆಲಸಗಾರರು. ಹಡಗಿನ ಬೆಂಕಿಯ ಮುಂದೆ ದುಡಿದು ಬೇಸತ್ತು ಬಂದರಿನಲ್ಲಿ ಇಳಿದುಕೊಂಡವರು, ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಹಾಳುಬಿದ್ದ ಚಿಕ್ಕ ಹೋಟೆಲುಗಳನ್ನು ಅಗ್ಗವಾಗಿ ಕೊಂಡರು. ಕರಿದ ಮೀನು, ಆಲೂಗಡ್ಡೆಯ ಪಕ್ಕದಲ್ಲಿಯೇ ಅನ್ನ, ಕರ್ರಿಗಳನ್ನು ಇಟ್ಟರು. ಸಾರಾಯಿ ಅಂಗಡಿಗಳು ಮುಚ್ಚಿದ ಮೇಲೂ ರಾತ್ರಿ ಬಹಳ ಹೊತ್ತು ಬಾಗಿಲು ತೆರೆದಿಟ್ಟರು. ನಡುರಾತ್ರಿಯಲ್ಲಿ ಹಸಿದು ಬಂದ ಇಂಗ್ಲಿಷ್ ಕೂಲಿಗಾರನಿಗೆ ಬಿಸಿಬಿಸಿಯಾಗಿ ಸಿಕ್ಕಿದ್ದು ಈ ಊಟ. ನಬಾಬರನ್ನು ನಂಬಿದ ದೀನ್ ಮಹಮ್ಮದ್ ಸೋತ ಕಡೆ, ಬಡವನ ಹಸಿವನ್ನು ನಂಬಿದವರು ಗೆದ್ದರು. ನಾನು ಈ ಜೀವನಚರಿತ್ರೆಯಿಂದ ಕಲಿತ ಮುಖ್ಯ ಪಾಠ ಇದು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಸಭೆ ೨೦೦೫ರಲ್ಲಿ ಜಾರ್ಜ್ ಬೀದಿಯಲ್ಲಿ ಅವನ ಭೋಜನಗೃಹವಿದ್ದ ಜಾಗದ ಬಳಿ ಒಂದು ಹಸುರು ಫಲಕವನ್ನು ಹಾಕಿಸಿತು. ದಿವಾಳಿಯಾದವನ ಅಂಗಡಿಗೆ ಸುಮಾರು ಇನ್ನೂರು ವರ್ಷಗಳ ಮೇಲೆ ಸಂದ ಮರ್ಯಾದೆ ಅದು.

ಊಟದ ವಿಷಯದಲ್ಲಿ ನಮ್ಮದು, ಪರರದು ಎಂಬ ವಾದ ಹೂಡುವ ಮಿತ್ರರು ನಮ್ಮ ನಡುವೆಯೂ ಉಂಟು. ಅವರು ನಮ್ಮ ಸಾರಿನ ಪಾತ್ರೆಯನ್ನೇ ಒಮ್ಮೆ ನೋಡಲಿ. ಅದರಲ್ಲಿರುವ ಒಣಮೆಣಸಿನಕಾಯಿಯೂ ಟೊಮೆಟೊವೂ ಅಮೆರಿಕದಿಂದ ಪೋರ್ಚುಗೀಸರ ಮುಂತಾದವರ ಹಡಗಿನಲ್ಲಿ ಬಂದವು. ಇಂಗ್ಲಿಷರ ಆಲೂಗಡ್ಡೆ ಅಮೆರಿಕದ್ದು, ಚಹಾ ಚೀನಾದ್ದು, ಕರ್ರಿ ನಮ್ಮದು. ಇವೆಲ್ಲ ತಾವಾಗಿಯೇ ನಡೆದುಹೋಗಲಿಲ್ಲ. ಒಂದೊಂದನ್ನೂ ಯಾರೋ ಒಬ್ಬ ಹೆಸರಿಲ್ಲದ ಮನುಷ್ಯ ಹೊತ್ತುಕೊಂಡು ಹೋಗಿ, ಅಪರಿಚಿತರ ಮುಂದೆ ಇಟ್ಟು, ರುಚಿ ನೋಡಿರೆಂದು ಕಾದು ನಿಂತ. ಹಾಗೆ ಕಾದು ನಿಂತವರಲ್ಲಿ ಹೆಸರು ಉಳಿದ ಕೆಲವರೊಳಗೆ ದೀನ್ ಮಹಮ್ಮದನೊಬ್ಬ. ಪರೀಕ್ಷೆಯಲ್ಲಿಯೋ ಉದ್ಯೋಗದಲ್ಲಿಯೋ ಒಂದು ಸಲ ಸೋತರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವ ನಮ್ಮ ವಯಸ್ಸಿನವರು, ಐವತ್ಮೂರನೆಯ ವಯಸ್ಸಿನಲ್ಲಿ ದಿವಾಳಿಯಾಗಿ, ಐವತ್ತೈದರಲ್ಲಿ ಹೊಸ ಊರಿನಲ್ಲಿ ಹೊಸ ಕಸುಬು ಹಿಡಿದ ಈ ಪಾಟ್ನಾದ ಮನುಷ್ಯನನ್ನು ಆಗಾಗ ನೆನೆದರೆ ಒಳ್ಳೆಯದೆಂದು ನನ್ನ ಭಾವನೆ.